ಅನಾವೃಷ್ಟಿಯ ವರ್ಷದಲ್ಲಿ ಸರ್ಕಾರದ ಕೆಲಸವೂ ಗ್ರಾಮದ ಕೆಲಸವೂ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮಮುಖ್ಯಸ್ಥರಿಗಾಗಿಯೂ ಹಿಡುವಳಿದಾರರಿಗಾಗಿಯೂ ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು ಬರೆದದ್ದು)

ನೆರೆ ಬಂದರೆ ಒಂದು ರಾತ್ರಿಯಲ್ಲಿ ತಿಳಿಯುವುದು. ಬೆಂಕಿ ಬಿದ್ದರೆ ಒಂದು ಗಳಿಗೆಯಲ್ಲಿ ತಿಳಿಯುವುದು. ಅನಾವೃಷ್ಟಿಯಾದರೋ ಹಾಗಲ್ಲ. ಅದು ಇಂಥ ದಿನವೇ ಆರಂಭವಾಯಿತೆಂದು ಯಾರೂ ಬೆರಳಿಟ್ಟು ತೋರಿಸಲಾರರು. ಆರಿದ್ರೆ ತಪ್ಪಿದರೆ ಪುನರ್ವಸು ಇದೆಯೆಂದೂ, ಪುಷ್ಯ ತಪ್ಪಿದರೆ ಮಖೆ ಇದೆಯೆಂದೂ ರೈತನು ಆಕಾಶವನ್ನೇ ನೋಡುತ್ತಿರುವನು. ಉತ್ತರೆಯೂ ಹುಸಿಯಾದ ಮೇಲೆ ‘ಬರ’ ಎಂಬ ಮಾತು ಬಾಯಿಗೆ ಬರುವುದು. ಅಷ್ಟು ಹೊತ್ತಿಗೆ ಬಿತ್ತನೆಯ ಬೀಜ ಎರಡು ಸಲ ಮಣ್ಣುಪಾಲಾಗಿ, ಹಳೆಯ ಹುಲ್ಲಿನ ಬಣವೆ ಅರ್ಧಕ್ಕೆ ಇಳಿದು, ಸಾಲದ ಮನೆಯ ಬಾಗಿಲನ್ನು ಒಂದು ಸಲ ತಟ್ಟಿಯೂ ಆಗಿರುತ್ತದೆ. ಈ ವಿಪತ್ತು ನಿಧಾನವಾಗಿ ಬರುವ ಕಾರಣದಿಂದಲೇ ಜನರೂ ತಡಮಾಡುವರು, ಸರ್ಕಾರದವರೂ ತಡಮಾಡುವರು. ಆ ತಡವು ಎಲ್ಲಿ ಹುಟ್ಟುತ್ತದೆ, ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ, ಅದನ್ನು ಗ್ರಾಮದವರು ಹೇಗೆ ದಾಟಬಹುದು ಎಂಬಿಷ್ಟನ್ನೇ ಇಲ್ಲಿ ವಿಚಾರಿಸಲಾಗಿದೆ.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ನೋಡೋಣ. ಪೂರ್ವದಲ್ಲಿ ಕಡೂರು ಡಿಸ್ಟ್ರಿಕ್ಟ್ ಎನಿಸಿಕೊಂಡು ೧೯೪೭ರಿಂದ ಚಿಕ್ಕಮಗಳೂರು ಜಿಲ್ಲೆಯೆಂಬ ಹೆಸರು ಪಡೆದ ಈ ಪ್ರಾಂತ್ಯದ ನಡುವೆ ಬಾಬಾಬುಡನ್‌ಗಿರಿಯ ಸಾಲು ಅರ್ಧಚಂದ್ರಾಕಾರವಾಗಿ ನಿಂತಿದೆ. ನೈಋತ್ಯದ ಮುಂಗಾರು ತನ್ನ ನೀರಿನ ಹೆಚ್ಚಿನ ಭಾಗವನ್ನು ಆ ಬೆಟ್ಟಗಳ ಆಚೆಯಲ್ಲಿಯೇ ಸುರಿದುಬಿಡುವುದು. ಬೆಟ್ಟದ ಈಚೆಗಿರುವ ಕಡೂರಿನ ಕೆಮ್ಮಣ್ಣಿನ ಹೊಲಗಳಿಗೂ ಅಜ್ಜಂಪುರದ ಎರೆಭೂಮಿಗೂ ಬರುವುದು ಉಳಿದ ಗಾಳಿ, ಉಳಿದ ಮೋಡ. ತರೀಕೆರೆಯ ತಾಲ್ಲೂಕು ಮಾತ್ರ ಎರಡು ಮುಖದ್ದು. ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಯ ಕಡೆ ಮಲೆನಾಡು, ಪೂರ್ವಕ್ಕೆ ಬಂದರೆ ಬಯಲುಸೀಮೆ. ಆದಕಾರಣ ಜಿಲ್ಲೆಯ ಸರಾಸರಿ ಮಳೆಯ ಲೆಕ್ಕವನ್ನು ನೋಡಿ ನಮ್ಮ ಸ್ಥಿತಿಯನ್ನು ಅಳೆಯುವುದು ಸಲ್ಲದು. ಶೃಂಗೇರಿಯಲ್ಲಿ ಹೊಯ್ದ ಮಳೆ ಕಡೂರಿನ ರಾಗಿಯನ್ನು ಬೆಳೆಸದು. ಈ ಮಾತು ಎಲ್ಲರಿಗೂ ತಿಳಿದದ್ದೇ ಆದರೂ, ಕಾಗದದ ಮೇಲೆ ಸರಾಸರಿಯೆಂಬುದು ಎಷ್ಟು ಬರಗಳನ್ನು ಮರೆಮಾಡುತ್ತದೆಂಬುದನ್ನು ಕಂಡವರೇ ಬಲ್ಲರು.

ನಮ್ಮ ಹಿರಿಯರು ಈ ಸ್ಥಿತಿಯನ್ನು ಅರಿತೇ ಕೆರೆಗಳನ್ನು ಕಟ್ಟಿಸಿದರು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಿಂದ ಹೊರಡುವ ವೇದಾ ಹಳ್ಳವೂ, ಮದಗದ ಕೆರೆಯಿಂದ ಹೊರಡುವ ಅವತಿ ಹಳ್ಳವೂ ಕೂಡಿ ವೇದಾವತಿಯಾಗಿ ಹರಿಯುವುದು ತಮಗೆಲ್ಲ ತಿಳಿದಿದೆ. ಬೆಟ್ಟದ ಮೇಲೆ ಬಿದ್ದ ನೀರನ್ನು ಬಯಲಿನಲ್ಲಿ ಹಿಡಿದು ನಿಲ್ಲಿಸುವುದೇ ಈ ಏರ್ಪಾಟಿನ ಗುಟ್ಟು. ಆದರೆ ಕೆರೆಗಳು ಒಂದು ವರ್ಷದ ಮಳೆಯ ತಪ್ಪನ್ನು ತಿದ್ದಬಲ್ಲುವೇ ಹೊರತು ಎರಡು ವರ್ಷದ ತಪ್ಪನ್ನಲ್ಲ. ಇದಕ್ಕೆ ಮರೆಯಲಾಗದ ನಿದರ್ಶನವು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ.

೧೮೭೫ರಲ್ಲಿ ಮಳೆ ಸಾಲದಾಯಿತು. ೧೮೭೬ರಲ್ಲಿ, ಎಂದರೆ ಧಾತು ಸಂವತ್ಸರದಲ್ಲಿ, ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಮಾರನೆಯ ಈಶ್ವರ ಸಂವತ್ಸರದ ಮುಂಗಾರು ಪುನಃ ಕೈಕೊಟ್ಟು, ೧೮೭೭ರ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮಾತ್ರ ಮಳೆ ಕಂಡಿತು. ಆಗ ಮೈಸೂರು ಸೀಮೆಯು ಬ್ರಿಟಿಷ್ ಕಮಿಷನಿನ ಆಡಳಿತದಲ್ಲಿದ್ದಿತು. ಚೀಫ್ ಕಮಿಷನರಾಗಿ ಸಾಂಡರ್ಸ್ ಎಂಬವರಿದ್ದರು. ಆ ಕಾಲದಲ್ಲಿ ರಾಗಿಯನ್ನು ಹಗೇವುಗಳಲ್ಲಿ ತುಂಬಿ ವರ್ಷಾನುಗಟ್ಟಲೆ ಇಡುತ್ತಿದ್ದರೆಂಬುದನ್ನು ತಮ್ಮಲ್ಲಿ ಹಲವರು ಮನೆಯ ಹಿರಿಯರಿಂದ ಕೇಳಿರಬಹುದು. ರಾಗಿಗೆ ಹುಳು ಹಿಡಿಯದು; ಹಗೇವಿನ ರಾಗಿಯೇ ಬಡವನ ಬ್ಯಾಂಕು. ಮೊದಲನೆಯ ವರ್ಷ ಜನರು ಈ ಸಂಗ್ರಹದ ಬಲದ ಮೇಲೆ ನಿಂತರೆಂದರೆ ತಪ್ಪಾಗದು. ಎರಡನೆಯ ವರ್ಷ ಹಗೇವು ಬರಿದಾದಾಗ ನಿಲ್ಲುವ ನೆಲವಿಲ್ಲದಾಯಿತು.

ಸರ್ಕಾರವು ಏನೂ ಮಾಡಲಿಲ್ಲವೆಂದು ಹೇಳಲಾಗದು. ಗಂಜಿಮನೆಗಳು ತೆರೆಯಲ್ಪಟ್ಟವು, ರಸ್ತೆ, ಕೆರೆಗಳ ಕೆಲಸಗಳು ನಡೆದವು, ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ರೈಲುದಾರಿಯ ಮಣ್ಣಿನ ಕೆಲಸವು ಆಗ ಕ್ಷಾಮಪೀಡಿತರ ಕೈಯಿಂದಲೇ ನಡೆಯಿತು. ೧೮೭೭ರಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್‌ರವರು ತಾವೇ ಈ ಸೀಮೆಗೆ ಬಂದು, ಸಿ. ಎ. ಎಲಿಯಟ್ ಎಂಬ ಅಧಿಕಾರಿಯನ್ನು ಮೈಸೂರಿನ ಕ್ಷಾಮ ಕಮಿಷನರನ್ನಾಗಿ ನೇಮಿಸಿದರು. ಎಂದರೆ ಮೊದಲನೆಯ ಮಳೆ ತಪ್ಪಿದ ಒಂದು ವರ್ಷಕ್ಕೂ ಮೇಲ್ಪಟ್ಟು ಕಾಲ ಕಳೆದಿತ್ತು. ಉಚಿತವಾದ ಅನ್ನವನ್ನು ಕಡಮೆಮಾಡಿ, ಮೈಯಲ್ಲಿ ಶಕ್ತಿಯುಳ್ಳವರನ್ನು ದೊಡ್ಡ ಕಾಮಗಾರಿಗಳಿಗೆ ಕಳುಹಿಸಬೇಕೆಂಬುದು ಆಗಿನ ನೀತಿ. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್‌ರವರು ಕೆಲಸಮಾಡುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಒಂದಾಣೆ ಎಂದು ಕೂಲಿಯನ್ನು ಇಳಿಸಿದ್ದನ್ನು ಅಲ್ಲಿಯ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್‌ರವರು ಬಲವಾಗಿ ಆಕ್ಷೇಪಿಸಿದರು. ಆ ಆಹಾರದಿಂದ ಕಲ್ಲು ಮಣ್ಣು ಹೊರುವವನು ಬದುಕಲಾರನೆಂಬುದು ಅವರ ವಾದ. ಧಾನ್ಯದ ವ್ಯಾಪಾರದಲ್ಲಿ ಸರ್ಕಾರವು ಕೈಹಾಕಕೂಡದೆಂಬ ಸಿದ್ಧಾಂತವೂ ಜೊತೆಗೆ ಇದ್ದಿತು.

ಆದರೆ ಹಣವಿದ್ದವನಿಗೂ ಧಾನ್ಯ ದೊರೆಯದೆ ಹೋದ ಕಾರಣವು ನಮ್ಮ ಸೀಮೆಗೆ ಸಂಬಂಧಪಟ್ಟದ್ದು; ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ರೈಲು ಆಗ ಬೆಂಗಳೂರಿನವರೆಗೆ ಮಾತ್ರ ಬರುತ್ತಿದ್ದಿತು. ಮದ್ರಾಸಿನ ಕಡೆಯಿಂದ ಬಂದ ಧಾನ್ಯವು ಅಲ್ಲಿ ಇಳಿದರೆ, ಅಲ್ಲಿಂದ ಕಡೂರಿಗೆ ಸುಮಾರು ೧೩೦ ಮೈಲಿ. ಎತ್ತಿನ ಗಾಡಿಯು ಒಳ್ಳೆಯ ದಿನಗಳಲ್ಲಿ ದಿನಕ್ಕೆ ಹನ್ನೆರಡರಿಂದ ಹದಿನೈದು ಮೈಲಿ ಹೋಗಬಹುದು. ಹತ್ತು ದಿನಗಳ ಹಾದಿ. ಆ ಹತ್ತು ದಿನವೂ ಎತ್ತುಗಳಿಗೆ ಮೇವು ಬೇಕು, ನೀರು ಬೇಕು. ದಾರಿಯುದ್ದಕ್ಕೂ ಹುಲ್ಲಿನ ಕಡ್ಡಿಯಿಲ್ಲ, ಕೆರೆಗಳಲ್ಲಿ ನೀರಿಲ್ಲ. ಎತ್ತು ಬಿದ್ದರೆ ಗಾಡಿಯು ಅಲ್ಲಿಗೇ ನಿಂತಿತು. ಹೀಗೆ ಬರವು ಮೊದಲು ದನವನ್ನು ಕೊಂದು, ಆ ದನವು ಎಳೆದು ತರಬೇಕಾಗಿದ್ದ ಅನ್ನವನ್ನು ತಡೆದು, ಕಡೆಗೆ ಮನುಷ್ಯನನ್ನು ಕೊಂದಿತು. ಮಳೆ ಬಂದ ಮೇಲೂ ಸಂಕಟವು ನಿಲ್ಲಲಿಲ್ಲ. ಒಣಗಿದ ದೇಹಗಳಿಗೆ ಚಳಿಜ್ವರ ಹತ್ತಿತು. ಉಳುವುದಕ್ಕೆ ಎತ್ತಿಲ್ಲದೆ, ಬಿತ್ತುವುದಕ್ಕೆ ಬೀಜವಿಲ್ಲದೆ ಹದವಾದ ಹೊಲಗಳು ಬೀಳುಬಿದ್ದವು.

ಲೆಕ್ಕವನ್ನು ನೋಡಿರಿ. ೧೮೭೧ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ೫೦,೫೫,೪೧೨. ೧೮೮೧ರಲ್ಲಿ ೪೧,೮೬,೧೮೮. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯು ಎಂಟು ಲಕ್ಷ ಅರುವತ್ತೊಂಬತ್ತು ಸಾವಿರದಷ್ಟು ಇಳಿದಿತ್ತು. ಸಂಸ್ಥಾನದ ಖಜಾನೆಯಲ್ಲಿ ಕೂಡಿಟ್ಟಿದ್ದ ೬೩ ಲಕ್ಷ ರೂಪಾಯಿ ಕರಗಿ, ಮೇಲೆ ೮೦ ಲಕ್ಷ ಸಾಲವಾಯಿತು. ೧೮೮೧ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದಾಗ ದಿವಾನ್ ರಂಗಾಚಾರ್ಲುರವರು ಆಡಳಿತವನ್ನು ವಹಿಸಿಕೊಂಡದ್ದು ಈ ಸಾಲದೊಡನೆ.

ಇಷ್ಟು ಜನರ ಪ್ರಾಣವು ಹೋದ ಮೇಲೆ ಸರ್ಕಾರಗಳು ಕಲಿತದ್ದೂ ಉಂಟು. ೧೮೮೦ರ ಕ್ಷಾಮ ಕಮಿಷನಿನ ವರದಿಯಿಂದ ೧೮೮೩ರ ಮಾದರಿ ಕ್ಷಾಮಸಂಹಿತೆ ಹುಟ್ಟಿತು. ಯಾವ ಲಕ್ಷಣ ಕಂಡರೆ ಯಾರು ಯಾವ ಕೆಲಸಕ್ಕೆ ಕೈಹಾಕಬೇಕೆಂಬುದು ಮೊದಲಬಾರಿಗೆ ಲಿಖಿತವಾಯಿತು. ಬೆಂಗಳೂರಿನಿಂದ ಕಡೂರು, ಬೀರೂರು, ಅಜ್ಜಂಪುರಗಳ ಮೇಲೆ ಹರಿಹರಕ್ಕೆ ಹೋಗುವ ರೈಲುದಾರಿಯು ೧೮೮೯ರ ಹೊತ್ತಿಗೆ ಪೂರ್ತಿಯಾಯಿತು. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ದಾರಿಯು ೧೮೯೯ರಲ್ಲಿ ತೆರೆಯಿತು. ಎತ್ತು ಸತ್ತರೆ ಅನ್ನ ನಿಲ್ಲುವ ಕಾಲವು ಅಲ್ಲಿಗೆ ಮುಗಿಯಿತು. ಪ್ರಾಂತ್ಯಗಳಲ್ಲಿ ವ್ಯವಸಾಯ ಇಲಾಖೆಗಳಿರಬೇಕೆಂದು ಒತ್ತಿಹೇಳಿದ್ದೂ ಅದೇ ಕಮಿಷನು. ಆದ್ದರಿಂದ ಈ ಇಲಾಖೆಯೆಂಬುದು ಕ್ಷಾಮದ ಹೊಟ್ಟೆಯಲ್ಲಿ ಹುಟ್ಟಿದ ಕೂಸು. ಇದರ ನೌಕರನು ಬರದ ವಿಷಯವನ್ನು ಬರೆಯುವುದು ಪರರ ಕೆಲಸದಲ್ಲಿ ಕೈಹಾಕಿದಂತಲ್ಲ.

ಈಗಿನ ಕಾಲಕ್ಕೆ ಬರೋಣ. ೨೦೨೩ರ ಬರವನ್ನು ತಾವೆಲ್ಲರೂ ಕಣ್ಣಾರೆ ಕಂಡಿರುವಿರಿ. ರಾಜ್ಯದಲ್ಲಿ ಆ ಜೂನ್ ತಿಂಗಳ ಮಳೆಯು ವಾಡಿಕೆಗಿಂತ ಶೇಕಡಾ ೫೬ ಕಡಮೆ; ಜುಲೈಯಲ್ಲಿ ಶೇಕಡಾ ೨೯ ಹೆಚ್ಚು; ಆಗಸ್ಟಿನಲ್ಲಿ ಶೇಕಡಾ ೭೩ ಕಡಮೆ. ಜುಲೈ ತಿಂಗಳ ಮಳೆಯೇ ಹೆಚ್ಚು ಮೋಸಮಾಡಿದ್ದು. ಅದನ್ನು ನಂಬಿ ಬಿತ್ತಿದ ಪೈರು ಆಶ್ಲೇಷೆ, ಮಖೆಗಳಲ್ಲಿ ಹನಿಯಿಲ್ಲದೆ ಸುಟ್ಟಿತು. ರಾಜ್ಯ ಸರ್ಕಾರವು ಸೆಪ್ಟೆಂಬರ್ ೧೩ರಂದು ೧೯೫ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಮುಂದೆ ಈ ಸಂಖ್ಯೆಯು ೨೩೬ರಲ್ಲಿ ೨೨೩ಕ್ಕೆ ಏರಿತು. ನಮ್ಮ ಬಯಲುಸೀಮೆಯೂ ಅದರಲ್ಲಿ ಸೇರಿತ್ತು. ಅಕ್ಟೋಬರ್ ಮೊದಲ ವಾರದಲ್ಲಿ ಕೇಂದ್ರದ ತಂಡಗಳು ಬಂದು ನೋಡಿಹೋದವು. ರಾಜ್ಯವು ಕೇಳಿದ ನೆರವು ೧೮,೧೭೧ ಕೋಟಿ ರೂಪಾಯಿ. ಹಣ ಬರದಿರಲಾಗಿ ರಾಜ್ಯವು ೨೦೨೪ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಸುಮಾರು ೩,೪೫೪ ಕೋಟಿ ಬಿಡುಗಡೆಯಾಯಿತು. ಈ ನಡುವೆ ರಾಜ್ಯವು ಜನವರಿಯಲ್ಲಿ ತನ್ನ ಕೈಯಿಂದ ರೈತನೊಬ್ಬನಿಗೆ ೨,೦೦೦ ರೂಪಾಯಿ ಮೀರದಂತೆ ಮೊದಲ ಕಂತನ್ನು ಕೊಟ್ಟಿತ್ತು.

ಯಾರು ಸರಿ, ಯಾರು ತಪ್ಪು ಎಂಬ ರಾಜಕೀಯ ವಾದವು ಈ ಪತ್ರಿಕೆಯ ವಿಷಯವಲ್ಲ. ಹಿಡುವಳಿದಾರನು ಗಮನಿಸಬೇಕಾದದ್ದು ತಿಂಗಳುಗಳ ಎಣಿಕೆಯನ್ನು. ಆಗಸ್ಟಿನಲ್ಲಿ ಒಣಗಿದ ಪೈರಿನ ಬಾಬ್ತು ಹೆಚ್ಚಿನ ಹಣವು ಕೈಗೆ ಬಂದದ್ದು ಮುಂದಿನ ಮೇ ತಿಂಗಳಿನಲ್ಲಿ. ಎಂಟು ಒಂಬತ್ತು ತಿಂಗಳ ಅಂತರ. ಈಗ ಧಾತು ಈಶ್ವರದಂತೆ ಜನರು ಲಕ್ಷಗಟ್ಟಲೆ ಹಸಿದು ಸಾಯುವ ಕಾಲವಿಲ್ಲ. ೨೦೧೩ರ ಆಹಾರ ಭದ್ರತಾ ಕಾಯಿದೆಯಿಂದ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ರೈಲೂ ಲಾರಿಯೂ ಓಡುತ್ತವೆ. ಆದರೆ ಬರವು ತನ್ನ ಗುರಿಯನ್ನು ಬದಲಾಯಿಸಿಕೊಂಡಿದೆ. ಹಿಂದೆ ಮನುಷ್ಯನನ್ನು ಹಿಡಿಯುತ್ತಿದ್ದುದು ಈಗ ಅವನ ದನವನ್ನೂ, ತೆಂಗನ್ನೂ, ಕೊಳವೆಬಾವಿಯನ್ನೂ, ಸಾಲದ ಪುಸ್ತಕವನ್ನೂ ಹಿಡಿಯುತ್ತದೆ. ಆ ಎಂಟು ತಿಂಗಳಲ್ಲಿ ಮಾರಿಹೋದ ಎತ್ತು ಮೇ ತಿಂಗಳ ಹಣದಿಂದ ಹಿಂದಿರುಗದು.

ಹಣದ ಮೊತ್ತವನ್ನೂ ತಿಳಿದಿರಬೇಕು. ೨೦೨೨ರಿಂದ ೨೦೨೬ರ ಮಾರ್ಚಿಯವರೆಗಿನ ಅವಧಿಗೆ ಕೇಂದ್ರವು ಗೊತ್ತುಪಡಿಸಿದ ದರದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ೮,೫೦೦, ನೀರಾವರಿಗೆ ೧೭,೦೦೦, ಬಹುವಾರ್ಷಿಕ ಬೆಳೆಗೆ ೨೨,೫೦೦ ರೂಪಾಯಿ. ಅದೂ ಎರಡು ಹೆಕ್ಟೇರಿನವರೆಗೆ, ನಷ್ಟವು ಶೇಕಡಾ ೩೩ಕ್ಕೆ ಕಡಮೆಯಿಲ್ಲದಿದ್ದರೆ ಮಾತ್ರ. ರಾಗಿಯ ಹೊಲಕ್ಕೆ ಎಕರೆಗೆ ಸುಮಾರು ೩,೪೪೦ ರೂಪಾಯಿ ಆಯಿತು. ಇದನ್ನು ಬೆಳೆಯ ಬೆಲೆಯೆಂದು ತಿಳಿದು ಅನೇಕರು ನಿರಾಶರಾಗುವರು. ಇದು ಹೋದ ಬೆಳೆಯ ಕ್ರಯವಲ್ಲ. ಮುಂದಿನ ಬೆಳೆಯ ಬೀಜ ಗೊಬ್ಬರಗಳಿಗೆ ಕೊಡುವ ಸಹಾಯ. ಬೆಳೆಯ ನಷ್ಟವನ್ನು ತುಂಬಬೇಕಾದದ್ದು ವಿಮೆ. ಅದನ್ನು ಬೇರೆಯಾಗಿ ಮಾಡಿಸಿರಬೇಕು.

ಇನ್ನು ಸರ್ಕಾರವು ಬರವನ್ನು ಹೇಗೆ ಗುರುತಿಸುತ್ತದೆಂಬುದು. ೨೦೧೬ರ ಬರನಿರ್ವಹಣೆಯ ಕೈಪಿಡಿಯಂತೆ ಮೊದಲು ಮಳೆಯ ಕೊರತೆಯನ್ನೂ, ಮೂರು ನಾಲ್ಕು ವಾರ ಎಡೆಬಿಡದೆ ಮಳೆ ನಿಂತಿರುವುದನ್ನೂ ನೋಡುವರು. ಅನಂತರ ಬಿತ್ತನೆಯಾದ ವಿಸ್ತೀರ್ಣ, ಉಪಗ್ರಹದಿಂದ ಕಾಣುವ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲಗಳ ಮಟ್ಟ. ಇವುಗಳಲ್ಲಿಯೂ ಕೊರತೆ ಕಂಡರೆ ತಾಲ್ಲೂಕಿನ ಹತ್ತರಲ್ಲೊಂದು ಪಾಲು ಗ್ರಾಮಗಳನ್ನು ಆರಿಸಿ, ಹೊಲಕ್ಕೇ ಹೋಗಿ ನಷ್ಟವನ್ನು ನೋಡುವರು. ಶೇಕಡಾ ೫೦ಕ್ಕೆ ಮೇಲಾದರೆ ತೀವ್ರ ಬರ. ೩೩ರಿಂದ ೫೦ರವರೆಗೆ ಸಾಧಾರಣ ಬರ. ಮಳೆಯ ಅಳತೆಯಲ್ಲಿ ನಮ್ಮ ರಾಜ್ಯವು ಹಿಂದೆ ಬಿದ್ದಿಲ್ಲ. ೧೯೮೮ರಲ್ಲಿ ಬರ ನಿರೀಕ್ಷಣಾ ಕೋಶವೆಂದು ಆರಂಭವಾದ ಸಂಸ್ಥೆಯು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು ಗ್ರಾಮ ಪಂಚಾಯತಿಗಳಲ್ಲಿ ತಾನಾಗಿಯೇ ಲೆಕ್ಕ ಕಳುಹಿಸುವ ಮಳೆಮಾಪಕಗಳನ್ನು ನಿಲ್ಲಿಸಿದೆ.

ಆದರೆ ಯಂತ್ರವು ಮಳೆಯನ್ನು ಹೇಳೀತು, ಬೇಸಾಯಗಾರನ ಸ್ಥಿತಿಯನ್ನು ಹೇಳದು. ಹತ್ತರಲ್ಲೊಂದು ಗ್ರಾಮವನ್ನು ಆರಿಸಿದಾಗ ನಿಮ್ಮದೇ ಆಯ್ಕೆಯಾಗಬಹುದು. ಆ ದಿನ ಬಂದ ಅಧಿಕಾರಿಗಳಿಗೆ ಹತ್ತು ಜನ ಹತ್ತು ಮಾತು ಹೇಳುವುದಕ್ಕಿಂತ ಊರಿನ ಒಂದು ಲೆಕ್ಕದ ಪುಸ್ತಕವನ್ನು ಮುಂದಿಡುವುದು ಎಷ್ಟೋ ಮೇಲು. ಯಾವ ದಿನ ಮಳೆ ಬಿತ್ತು. ಯಾವ ಹೊಲಗಳಲ್ಲಿ ಯಾವ ದಿನ ಬಿತ್ತನೆ. ಎಲ್ಲಿ ಮೊಳಕೆಯೇ ಬರಲಿಲ್ಲ, ಎಲ್ಲಿ ಎರಡನೆಯ ಸಲ ಬಿತ್ತಿದರು. ಯಾವ ದಿನದಿಂದ ಪೈರು ಬಾಡಿತು. ಯಾವ ಬಾವಿ ಯಾವಾಗ ಬತ್ತಿತು. ಎಷ್ಟು ಮನೆಯವರು ಕಾಫಿ ತೋಟಗಳಿಗೋ ಬೆಂಗಳೂರಿಗೋ ಹೊರಟರು. ಹಿಂದಿನ ಕಾಲದಲ್ಲಿ ಪಟೇಲರೂ ಶ್ಯಾನುಭೋಗರೂ ಬರೆಯುತ್ತಿದ್ದದ್ದು ಇಂಥದೇ. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಆ ಹುದ್ದೆಗಳು ರದ್ದಾದವು. ಆದರೆ ಊರಿನ ಲೆಕ್ಕವನ್ನು ಊರಿನವರು ಇಟ್ಟುಕೊಳ್ಳಬಾರದೆಂದು ಯಾವ ಕಾಯಿದೆಯೂ ಹೇಳಿಲ್ಲ.

ಈ ಲೆಕ್ಕದಲ್ಲಿ ಸುಳ್ಳು ಸೇರಕೂಡದು. ಐದಾಣೆ ಬೆಳೆಯನ್ನು ಎರಡಾಣೆಯೆಂದು ಬರೆಸಿದ ಊರಿನ ಮಾತನ್ನು ಮುಂದಿನ ವರ್ಷ ಯಾರೂ ನಂಬರು. ಉಪಗ್ರಹದ ಚಿತ್ರವು ಬೇರೆ ಮಾತು ಹೇಳಿದರೆ ನಿಜವಾಗಿ ನಷ್ಟಪಟ್ಟ ಪಕ್ಕದ ಹೊಲದವನಿಗೂ ತೊಂದರೆಯಾಗುವುದು.

ದಾಖಲೆಗಳ ವಿಷಯದಲ್ಲಿ ಮುಂಗಾರಿಗೆ ಮುಂಚೆಯೇ ಮಾಡಿಕೊಳ್ಳಬೇಕಾದ ಮೂರು ಕೆಲಸಗಳಿವೆ. ಹಣವು ಈಗ ಪಹಣಿಗೂ ಆಧಾರಿಗೂ ಜೋಡಣೆಯಾದ ರೈತರ ಗುರುತಿನ ಸಂಖ್ಯೆಯ ಮೂಲಕ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ಪಹಣಿಯು ಇನ್ನೂ ಸತ್ತುಹೋದ ಅಜ್ಜನ ಹೆಸರಿನಲ್ಲಿದ್ದರೆ ಆ ಹಣಕ್ಕೆ ದಾರಿಯಿಲ್ಲ. ಪೌತಿ ಖಾತೆಯನ್ನು ಬೇಸಿಗೆಯಲ್ಲಿಯೇ ಮಾಡಿಸಬೇಕು. ಅಣ್ಣತಮ್ಮಂದಿರ ಜಗಳದಿಂದ ಇದು ನಿಂತಿರುವ ಮನೆಗಳಲ್ಲಿ ಹಿರಿಯರು ಕುಳಿತು ಮಾತನಾಡಿಸುವುದು ಉಪಕಾರ. ಎರಡನೆಯದು, ವಿಮೆಯಲ್ಲಿ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ಈರುಳ್ಳಿಗೆಂದು ವಿಮೆ ಕಟ್ಟಿ, ಮಳೆ ತಡವಾದುದರಿಂದ ಜೋಳ ಬಿತ್ತಿ, ತಿದ್ದಿಸದೆ ಬಿಟ್ಟವರು ಕಟ್ಟಿದ ಕಂತನ್ನೂ ಕಳೆದುಕೊಳ್ಳುವರು. ಮೂರನೆಯದು ಭೂಮಾಲಿಕರಿಗೆ ಹೇಳಬೇಕಾದದ್ದು. ಹೇಳುವುದಕ್ಕೆ ಸಂಕೋಚವಾದರೂ ಬಿಡುವಂತಿಲ್ಲ.

ನಮ್ಮ ಸೀಮೆಯಲ್ಲಿ ಬಾಯಿಮಾತಿನ ಮೇಲೆ ವಾರಕ್ಕೂ ಗುತ್ತಿಗೆಗೂ ಹೊಲಗಳು ನಡೆಯುತ್ತಿರುವುದು ಯಾರಿಗೂ ತಿಳಿಯದ ಸಂಗತಿಯಲ್ಲ. ಕಾಯಿದೆಯ ಭಯದಿಂದ ಇದು ಯಾವ ಕಾಗದದಲ್ಲಿಯೂ ಇರದು. ಬೀಜ ಹಾಕಿದವನು, ಗೊಬ್ಬರಕ್ಕೆ ಸಾಲ ಮಾಡಿದವನು, ಒಣಗಿದ ಪೈರನ್ನು ನೋಡುತ್ತ ನಿಂತವನು ಒಬ್ಬ. ಹಣ ಬರುವುದು ಪಹಣಿಯಲ್ಲಿ ಹೆಸರಿರುವ ಮತ್ತೊಬ್ಬನಿಗೆ. ಸರ್ಕಾರದ ಪುಸ್ತಕದಲ್ಲಿ ಮೊದಲನೆಯವನು ಇಲ್ಲವೇ ಇಲ್ಲ. ಹೆಕ್ಟೇರಿನ ೮,೫೦೦ ರೂಪಾಯಿಯು ಬೀಜ ಗೊಬ್ಬರದ ಸಹಾಯವೆಂದು ಮೇಲೆ ಹೇಳಿದೆಯಷ್ಟೆ. ಹಾಗಿದ್ದಮೇಲೆ ಅದು ಬೀಜ ಗೊಬ್ಬರ ಹಾಕಿದವನಿಗೆ ಸೇರಬೇಕಾದದ್ದು. ಅದನ್ನು ಅವನ ಕೈಗೆ ಮುಟ್ಟಿಸುವುದೂ, ಆ ವರ್ಷದ ಗುತ್ತಿಗೆಯನ್ನು ಬಿಡುವುದೂ ಭೂಮಾಲಿಕರ ಕೈಯಲ್ಲಿಯೇ ಇದೆ. ಇಲ್ಲಿ ಯಾವ ಇನ್‌ಸ್ಪೆಕ್ಟರನೂ ಏನೂ ಮಾಡಲಾರನು. ಹಾಗೆ ಮಾಡಿದ ಊರುಗಳಲ್ಲಿ ಮುಂದಿನ ವರ್ಷ ಹೊಲ ಮಾಡುವುದಕ್ಕೆ ಜನ ಉಳಿದಿರುವರು. ಮಾಡದ ಊರುಗಳಲ್ಲಿ ಆಳು ಸಿಗದೆಂದು ಗೊಣಗುತ್ತ ಹೊಲವನ್ನು ಬೀಳುಬಿಡುವರು.

ಮೇವಿನ ವಿಷಯಕ್ಕೆ ಬರೋಣ. ದೊಡ್ಡ ದನವೊಂದಕ್ಕೆ ದಿನಕ್ಕೆ ಆರು ಕಿಲೋ ಒಣಮೇವೆಂದರೆ, ಒಂದು ಜೊತೆ ಎತ್ತಿಗೆ ಆರು ತಿಂಗಳಿಗೆ ಸುಮಾರು ೨೨ ಕ್ವಿಂಟಾಲ್ ಬೇಕು. ನಾನೂರು ದನಗಳಿರುವ ಊರಿಗೆ ೪,೩೨೦ ಕ್ವಿಂಟಾಲ್. ಗೋಶಾಲೆಯೂ ಮೇವಿನ ಬ್ಯಾಂಕೂ ತೆರೆಯುವುದು ಬೇಸಿಗೆ ಏರಿದ ಮೇಲೆ. ಒಳ್ಳೆಯ ವರ್ಷದಲ್ಲಿ ರಾಗಿಹುಲ್ಲನ್ನು ಲಾರಿಗೆ ತುಂಬಿಸಿ ಮಾರಿದ ಊರು ಆಗ ಎರಡರಷ್ಟು ಬೆಲೆ ತೆತ್ತು ಕೊಳ್ಳಬೇಕಾಗುವುದು. ಅಮೃತಮಹಲಿನ ಏರ್ಪಾಟನ್ನು ಇಲ್ಲಿ ನೆನೆಯಬಹುದು. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವಿರುವುದರಿಂದ ತಮಗೆ ಇದು ಹೊಸತಲ್ಲ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹುಲ್ಲುಗಾವಲುಗಳನ್ನು ಬೇರೆಬೇರೆಯಾಗಿ ಇಟ್ಟು, ಒಂದರ ಸರ್ದಿ ಬರುವವರೆಗೆ ಅದರೊಳಗೆ ದನವನ್ನು ಬಿಡದಿದ್ದುದೇ ಅದರ ಬಲ. ಊರಿನ ಗೋಮಾಳದಲ್ಲಿ ಉಳಿದಿರುವುದು ಹತ್ತೇ ಎಕರೆಯಾದರೂ ಮುಂಗಾರಿನಿಂದ ದೀಪಾವಳಿಯವರೆಗೆ ಅರ್ಧಕ್ಕೆ ಬೇಲಿ ಹಾಕಿದರೆ ಹುಲ್ಲು ಬೀಜಕ್ಕೆ ಬಂದು ಮುಂದಿನ ವರ್ಷಕ್ಕೆ ದಟ್ಟವಾಗುವುದು.

ಒಣಹುಲ್ಲಿನ ಸತ್ವವನ್ನು ಹೆಚ್ಚಿಸುವ ಉಪಾಯವೂ ಒಂದಿದೆ. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ಸುಮಾರು ೫೦ ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ಯೂರಿಯಾ ನೀರನ್ನು ದನವು ಕುಡಿಯದಂತೆ ಎಚ್ಚರ ಬೇಕು. ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಕೂಡದು. ಎರೆಭೂಮಿಯವರಿಗೆ ಇನ್ನೊಂದು ಮಾತು. ಮಳೆಯಿಲ್ಲದೆ ಕುಗ್ಗಿ ಬಾಡಿದ ಎಳೆಯ ಜೋಳದಲ್ಲಿ ಸಯನೈಡ್ ಎಂಬ ವಿಷವು ಸೇರಿರುತ್ತದೆ. ಹೇಗೂ ಹಾಳಾದ ಪೈರೆಂದು ಹಸಿದ ದನವನ್ನು ಬಿಟ್ಟರೆ ಗಳಿಗೆಯೊಳಗೆ ಸಾಯಬಹುದು. ಕೊಯ್ದು ಚೆನ್ನಾಗಿ ಒಣಗಿಸಿ ಹಾಕಬೇಕು.

ತೋಟಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಭದ್ರೆಯ ಮೇಲ್ದಂಡೆ ಯೋಜನೆಯಲ್ಲಿ ನಮ್ಮ ಸೀಮೆಗೂ ಪಾಲಿದೆ. ಅಜ್ಜಂಪುರದ ಬಳಿ ಸುರಂಗವೂ ಆಗಿದೆ. ಆದರೆ ಆ ನೀರನ್ನು ನಂಬಿ ಈಗಲೇ ಹೊಸ ಅಡಿಕೆಯನ್ನಿಡುವುದು, ಬಾರದ ಮಳೆಗೆ ಕಂಬಳಿ ಹೊದ್ದಂತೆ. ಇರುವ ತೆಂಗನ್ನು ಉಳಿಸಿಕೊಳ್ಳುವುದು ಮೊದಲು. ಹೋದ ಮರಕ್ಕೆ ಬದಲಾಗಿ ನೆಟ್ಟ ಸಸಿಯು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಯಾವ ಪರಿಹಾರವೂ ಆ ವರ್ಷಗಳನ್ನು ತುಂಬಲಾರದು. ಬುಡದ ಸುತ್ತ ಆರಡಿ ಪಾತಿಯಲ್ಲಿ ತೆಂಗಿನ ಸಿಪ್ಪೆಯನ್ನೋ ಗರಿಯನ್ನೋ ದಪ್ಪನಾಗಿ ಹೊದಿಸಿ, ಬರವು ಕಠಿಣವಾದರೆ ಕೆಳಗಿನ ಮೂರರಿಂದ ಐದು ಗರಿಗಳನ್ನು ಕಡಿದುಹಾಕಬೇಕು. ಕೊಳವೆಬಾವಿಯ ನೀರು ಅರ್ಧಕ್ಕೆ ಇಳಿದಾಗ ಇಡೀ ತೋಟಕ್ಕೆ ಅರೆಹೊಟ್ಟೆ ಕೊಡುವುದಕ್ಕಿಂತ, ಚೆನ್ನಾಗಿ ಕಾಯುವ ಮರಗಳನ್ನು ಗುರುತಿಸಿ ಅವಕ್ಕೆ ಹನಿನೀರು ಕೊಡುವುದು ಲೇಸು. ಸಾಲಮಾಡಿ ಇನ್ನೊಂದು ಬಾವಿ ಕೊರೆಸುವುದನ್ನು ಬರದ ವರ್ಷದಲ್ಲಿ ಮಾಡಲೇಬಾರದೆಂದು ನನ್ನ ಅಭಿಪ್ರಾಯ. ಕೆರೆಯ ಅಚ್ಚುಕಟ್ಟಿನಲ್ಲಿಯೂ ಹಿಂದಿನವರ ರೂಢಿ ಇದೇ. ನೀರು ಕಡಮೆಯಿದ್ದರೆ ಸಭೆ ಸೇರಿ, ತೂಬಿನ ಹತ್ತಿರದ ಇಷ್ಟೇ ಭೂಮಿಯೆಂದು ಗೊತ್ತುಮಾಡಿ, ಅದರಲ್ಲಿ ಎಲ್ಲರಿಗೂ ಪಾಲು ಹಾಕಿ, ನೀರುಗಂಟಿಯ ಕೈಗೆ ಒಪ್ಪಿಸುತ್ತಿದ್ದರು.

ಕಡೆಯದಾಗಿ ಬೀಜ. ೧೮೭೭ರಲ್ಲಿ ಮಳೆ ಬಂದಾಗ ಬೀಜವಿರಲಿಲ್ಲವೆಂಬುದನ್ನು ಮೇಲೆ ಹೇಳಿದೆ. ಈಗ ರೈತಸಂಪರ್ಕ ಕೇಂದ್ರಗಳಲ್ಲಿ ಬೀಜ ಸಿಗುತ್ತದೆ. ಆದರೆ ಮೊದಲ ಬಿತ್ತನೆ ಹೋಗಿ ತಾಲ್ಲೂಕೆಲ್ಲ ಒಂದೇ ವಾರದಲ್ಲಿ ಎರಡನೆಯ ಸಲ ಬೀಜ ಕೇಳಿದರೆ ಸಾಲು ಉದ್ದವಾಗುವುದು, ಹದ ಆರಿಹೋಗುವುದು. ತಡವಾದ ಬಿತ್ತನೆಗೆ ಬೇಕಾದ ಬೀಜವೂ ಬೇರೆ. ಜುಲೈ ದಾಟಿದರೆ ದೀರ್ಘಾವಧಿಯ ರಾಗಿಯನ್ನು ಬಿಟ್ಟು ಜಿ.ಪಿ.ಯು. ೨೮ನ್ನೂ, ಆಗಸ್ಟಿನ ನಡುವಿಗೆ ಬಂದರೆ ಸುಮಾರು ನೂರು ದಿನಗಳಲ್ಲಿ ಕೊಯ್ಲಿಗೆ ಬರುವ ಜಿ.ಪಿ.ಯು. ೪೮ನ್ನೂ ಹಾಕಬೇಕು. ಅದೂ ಮೀರಿದರೆ ಕೆಮ್ಮಣ್ಣಿಗೆ ಹುಚ್ಚೆಳ್ಳು, ಹುರುಳಿ; ಎರೆಗೆ ಹಿಂಗಾರಿನ ಕಡಲೆ, ಜೋಳ. ಹುರುಳಿಯನ್ನು ಕೀಳುಬೆಳೆಯೆಂದು ಹಳಿಯುವವರಿದ್ದಾರೆ. ಉತ್ತರೆಯ ಒಂದೇ ಮಳೆಯಲ್ಲಿ ಮನೆಗೆ ಕಾಳನ್ನೂ ದನಕ್ಕೆ ಹೊಟ್ಟನ್ನೂ ಕೊಡುವ ಮತ್ತೊಂದು ಬೆಳೆಯನ್ನು ಅವರು ತೋರಿಸಲಿ.

ಕೂರಿಗೆಯಲ್ಲಿ ಬಿತ್ತಿದರೆ ರಾಗಿಯು ಎಕರೆಗೆ ನಾಲ್ಕರಿಂದ ಐದು ಕಿಲೋ ಸಾಕು. ಹುರುಳಿ ಹತ್ತು ಕಿಲೋ. ೧೫೦ ಎಕರೆ ರಾಗಿ ಹೊಲವಿರುವ ಊರಿಗೆ ಎರಡನೆಯ ಬಿತ್ತನೆಗಾಗಿ ಆರರಿಂದ ಏಳೂವರೆ ಕ್ವಿಂಟಾಲ್ ಬೀಜವು ಕೈಯಲ್ಲಿದ್ದರೆ ಆಯಿತು. ಸಹಕಾರ ಸಂಘದ ಉಗ್ರಾಣದ ಒಂದು ಮೂಲೆ ಇದಕ್ಕೆ ಸಾಲುವುದು. ಒಳ್ಳೆಯ ಬೆಳೆಯಾದ ವರ್ಷದಲ್ಲಿ ಮನೆಗಿಷ್ಟು ಎಂದು ಸುಗ್ಗಿಯ ಕಣದಲ್ಲಿಯೇ ಎತ್ತಿಡಬೇಕು. ಮನೆಗೆ ಹೋದ ಮೇಲೆ ಕೇಳಿದರೆ ಬಾರದು. ಚೆನ್ನಾಗಿ ಒಣಗಿಸಿ, ನೆಲದ ಥಂಡಿ ತಾಗದಂತೆ ಹಲಗೆಯ ಮೇಲಿಟ್ಟು, ಚೀಲಕ್ಕೆ ತಳಿಯ ಹೆಸರನ್ನೂ ವರ್ಷವನ್ನೂ ಬರೆದು ಕಟ್ಟಬೇಕು. ಯುಗಾದಿಯಾದ ಮೇಲೆ ಒಮ್ಮೆ ಬಿಸಿಲಿಗೆ ಹರಡಿ, ಪ್ರತಿ ಚೀಲದಿಂದ ನೂರು ಕಾಳನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಕಟ್ಟಿಡಬೇಕು. ವಾರದೊಳಗೆ ಎಪ್ಪತ್ತೈದಕ್ಕೆ ಕಡಮೆ ಮೊಳೆತ ಚೀಲವನ್ನು ಅಡಿಗೆಗೆ ಕೊಟ್ಟು, ಆ ವರ್ಷದ ಹೊಸ ರಾಗಿಯಿಂದ ಅದನ್ನು ತುಂಬಿಡತಕ್ಕದ್ದು.